ತೂಕ ಇಳಿಸುವ ದಾರಿಗಳು: ಎರಡನೆಯ ವರ್ಷಕ್ಕೂ ನಡೆಯುವುದು ಯಾವುದು?

ಅನ್ನ ಬಿಡಿ ಎನ್ನುತ್ತಾರೆ ಒಬ್ಬರು, ರಾತ್ರಿಯೂಟ ಬಿಡಿ ಎನ್ನುತ್ತಾರೆ ಇನ್ನೊಬ್ಬರು. ಆಫೀಸಿನಲ್ಲಿ ಯಾರೋ ವಾರಕ್ಕೊಂದು ಇಂಜೆಕ್ಷನ್ ತೆಗೆದುಕೊಂಡು ಗುರುತು ಸಿಗದಷ್ಟು ಇಳಿದಿರುತ್ತಾರೆ. ಪಕ್ಕದ ಬೀದಿಯಲ್ಲಿ ಡಬ್ಬಿಯ ಪುಡಿ ಮಾರುವವರು ತಿಂಗಳಿಗೆ ಎಂಟು ಕಿಲೊ ಎಂದು ಫಲಕ ಹಾಕಿರುತ್ತಾರೆ. ಇವುಗಳಲ್ಲಿ ಹೆಚ್ಚಿನವು ಮೊದಲ ಮೂರು ತಿಂಗಳು ಫಲ ಕೊಡುತ್ತವೆ, ಆಯ್ಕೆ ಕಷ್ಟವಾಗುವುದು ಆ ಕಾರಣಕ್ಕೇ. ಎಲ್ಲವೂ ನಡೆಯುವಂತೆ ಕಾಣುವಾಗ ಯಾವುದನ್ನು ಹಿಡಿಯಬೇಕು ಎಂಬುದಕ್ಕೆ ಬೇರೆಯದೇ ಅಳತೆಗೋಲು ಬೇಕಾಗುತ್ತದೆ. ತೂಕ ಇಳಿಸುವ ಯಾವ ದಾರಿಗೂ ಒಂದು ಬೆಲೆಯಿದೆ, ಆ ಬೆಲೆಯನ್ನು ಒಮ್ಮೆ ಕೊಟ್ಟು ಮುಗಿಸುವಂತಿಲ್ಲ, ವರ್ಷಗಟ್ಟಲೆ ಕಟ್ಟುತ್ತಿರಬೇಕು ಎಂಬುದು ನನ್ನ ತಿಳಿವಳಿಕೆ. ಕೆಲವು ದಾರಿಗಳಲ್ಲಿ ಅದನ್ನು ಹಣದಲ್ಲಿ ಕಟ್ಟುತ್ತೇವೆ, ಕೆಲವುಗಳಲ್ಲಿ ಅಡುಗೆಮನೆಯ ದುಡಿಮೆಯಲ್ಲಿ, ಇನ್ನು ಕೆಲವುಗಳಲ್ಲಿ ಶರೀರದಿಂದಲೇ. ನೀವು ಯಾವುದನ್ನು ಕಟ್ಟಬಲ್ಲಿರಿ ಎಂದು ನೋಡಿಕೊಳ್ಳುವುದಕ್ಕೆ ಈ ಹೋಲಿಕೆ.

ಇಳಿಸಬೇಕಾದದ್ದು ಎಷ್ಟು?

ಭಾರತೀಯರಲ್ಲಿ ಕಡಿಮೆ ತೂಕಕ್ಕೇ ಹೊಟ್ಟೆಯ ಸುತ್ತ ಕೊಬ್ಬು ಸೇರಿ ಮಧುಮೇಹ, ರಕ್ತದೊತ್ತಡಗಳು ಬೇಗ ಬರುವುದರಿಂದ ನಮ್ಮ ವೈದ್ಯರು ಬಳಸುವ ಗಡಿಗಳು ಪಾಶ್ಚಾತ್ಯರ ಗಡಿಗಳಿಗಿಂತ ಕೆಳಗಿವೆ: ಬಿಎಂಐ (ಕಿಲೊ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆ) 23 ದಾಟಿದರೆ ಅತಿತೂಕ, 25 ದಾಟಿದರೆ ಬೊಜ್ಜು. 160 ಸೆಂ.ಮೀ. ಎತ್ತರದವರಿಗೆ ಇವು ಸುಮಾರು 59 ಮತ್ತು 64 ಕಿಲೊ ಆಗುತ್ತವೆ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಒಳಗಿರಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕ ಹೆಂಗಸರಲ್ಲಿಯೂ ಗಂಡಸರಲ್ಲಿಯೂ ಶೇ. 30ರಷ್ಟು ಮಂದಿ ಬಿಎಂಐ 25ರ ಗಡಿಯನ್ನು ಮುಟ್ಟಿದವರು ಅಥವಾ ದಾಟಿದವರು. ಹಾಗೆಂದು ಎಲ್ಲರೂ ಇಪ್ಪತ್ತು ಕಿಲೊ ಇಳಿಸಬೇಕಾಗಿಲ್ಲ. ಇರುವ ತೂಕದ ಶೇ. 5ರಿಂದ 10ರಷ್ಟು ಇಳಿದು ಅಲ್ಲಿಯೇ ನಿಂತರೂ ರಕ್ತದ ಸಕ್ಕರೆ, ಒತ್ತಡ, ಯಕೃತ್ತಿನ ಕೊಬ್ಬು ಮೂರೂ ಸುಧಾರಿಸುತ್ತವೆ. 75 ಕಿಲೊ ಇರುವವರಿಗೆ ಅದು ನಾಲ್ಕರಿಂದ ಏಳೂವರೆ ಕಿಲೊ. ಗುರಿ ಇಷ್ಟೇ ಆಗಿದ್ದರೆ ಆಯ್ಕೆಗಳು ತಾವಾಗಿಯೇ ಸರಳವಾಗುತ್ತವೆ. ಥೈರಾಯ್ಡ್ ಕೊರತೆ, ಪಿಸಿಓಡಿ ಎಂಬ ಅಂಡಾಶಯದ ತೊಂದರೆ, ಸ್ಟಿರಾಯ್ಡ್ ಅಥವಾ ಮನೋರೋಗದ ಕೆಲವು ಮಾತ್ರೆಗಳು ತೂಕ ಏರಲು ಕಾರಣವಾಗಿರಬಹುದಾದ್ದರಿಂದ, ಯಾವ ದಾರಿ ಹಿಡಿಯುವ ಮುನ್ನವೂ ಒಮ್ಮೆ ವೈದ್ಯರಿಗೆ ತೋರಿಸಿಕೊಳ್ಳುವುದು ಒಳ್ಳೆಯದು.

ಯಾವುದರಿಂದ ಅಳೆಯಬೇಕು?

ಮೊದಲನೆಯದು, ವರ್ಷ ಕಳೆದ ಮೇಲೆ ಎಷ್ಟು ಉಳಿದಿರುತ್ತದೆ ಎಂಬುದು. ತೂಕ ಇಳಿದಾಗ ಶರೀರ ಅದನ್ನು ಬರಗಾಲವೆಂದೇ ಎಣಿಸುತ್ತದೆ. ಹಸಿವನ್ನು ಹೆಚ್ಚಿಸಿ ಖರ್ಚನ್ನು ತಗ್ಗಿಸುತ್ತದೆ. ಅಮೆರಿಕದ ಟಿವಿ ಸ್ಪರ್ಧೆಯೊಂದರಲ್ಲಿ ಅತಿವೇಗದಿಂದ ತೂಕ ಇಳಿಸಿಕೊಂಡಿದ್ದ 14 ಮಂದಿಯನ್ನು ಆರು ವರ್ಷಗಳ ಬಳಿಕ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚಿನವರು ಕಳೆದುಕೊಂಡದ್ದರ ಬಹುಪಾಲನ್ನು ಮರಳಿ ಪಡೆದಿದ್ದರು. ಅವರ ಶರೀರವು ವಿಶ್ರಾಂತಿಯಲ್ಲಿ ಸುಡಬೇಕಾದುದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಸುಡುತ್ತಿತ್ತು. ತೂಕ ಮರಳಿ ಬಂದವರನ್ನು ಮನಸ್ಸು ಗಟ್ಟಿಯಿಲ್ಲದವರು ಎಂದು ದೂರುವ ಮುನ್ನ ಈ ಲೆಕ್ಕ ನೆನಪಿರಲಿ.

ಎರಡನೆಯದು, ಅಡುಗೆ ಮಾಡುವವರು ಯಾರು ಎಂಬುದು. ಆಹಾರ ಕ್ರಮಗಳ ಕುರಿತ ಬರಹಗಳಲ್ಲಿ ಈ ಪ್ರಶ್ನೆ ಬರುವುದೇ ಅಪರೂಪ, ಆದರೆ ನಮ್ಮ ಮನೆಗಳಲ್ಲಿ ಎಲ್ಲವೂ ನಿಂತಿರುವುದು ಇದರ ಮೇಲೆ. ಗಂಡ ಕೀಟೊ (ಅನ್ನ–ಚಪಾತಿಗಳನ್ನು ಬಹುತೇಕ ಬಿಟ್ಟು ಕೊಬ್ಬನ್ನೇ ಹೆಚ್ಚು ತಿನ್ನುವ ಕ್ರಮ) ಹಿಡಿದರೆ ಹೆಂಡತಿ ಎರಡು ಬಗೆಯ ಅಡುಗೆ ಮಾಡಬೇಕಾಗುತ್ತದೆ. ಪಿಜಿಯಲ್ಲಿರುವ ಹುಡುಗನಿಗೆ ತಟ್ಟೆಗೆ ಏನು ಬೀಳುತ್ತದೆ ಎಂಬುದರ ಮೇಲೆ ಹಿಡಿತವೇ ಇರುವುದಿಲ್ಲ. ಮೂರನೆಯದು ತಿಂಗಳಿಗೆ ಎಷ್ಟು ಖರ್ಚು, ಎಷ್ಟು ವರ್ಷ ಎಂಬುದು. ನಾಲ್ಕನೆಯದು, ಇಳಿಯುವುದರಲ್ಲಿ ಕೊಬ್ಬು ಎಷ್ಟು, ಸ್ನಾಯು ಎಷ್ಟು ಎಂಬುದು. ನಲವತ್ತು ದಾಟಿದವರು ಕಳೆದುಕೊಂಡ ಸ್ನಾಯುವನ್ನು ಮರಳಿ ಕಟ್ಟಿಕೊಳ್ಳುವುದು ಸುಲಭವಲ್ಲ. ಕೊನೆಯದಾಗಿ, ಆ ಕ್ರಮವನ್ನು ಬಿಟ್ಟ ದಿನದಿಂದ ಏನಾಗುತ್ತದೆ ಎಂಬುದನ್ನು ಮೊದಲೇ ಕೇಳಿಕೊಂಡಿರಬೇಕು.

ಮನೆಯೂಟವನ್ನೇ ತಿದ್ದಿಕೊಳ್ಳುವುದು

ಇದರಲ್ಲಿ ಹೊಸ ಅಡುಗೆಯೇನೂ ಇಲ್ಲ, ಅದೇ ಊಟದ ಪ್ರಮಾಣಗಳು ಬದಲಾಗುತ್ತವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2,000 ಕ್ಯಾಲೊರಿಯ ದಿನಕ್ಕೆಂದು ಸೂಚಿಸಿರುವ ತಟ್ಟೆಯಲ್ಲಿ ಧಾನ್ಯ 250 ಗ್ರಾಂ, ಬೇಳೆಕಾಳು ಅಥವಾ ಮೊಟ್ಟೆ–ಮಾಂಸ 85 ಗ್ರಾಂ, ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಹಾಲು 300 ಮಿ.ಲೀ., ಬೀಜಗಳು 35 ಗ್ರಾಂ ಮತ್ತು ಎಣ್ಣೆ 27 ಗ್ರಾಂ ಇವೆ. ಇದನ್ನು ನಮ್ಮ ಅನ್ನ–ಸಾರಿನ ತಟ್ಟೆಯ ಪಕ್ಕದಲ್ಲಿಟ್ಟು ನೋಡಿದರೆ ತಪ್ಪು ಎಲ್ಲಿದೆ ಎಂದು ಯಾರೂ ಹೇಳಬೇಕಾಗಿಲ್ಲ: ಧಾನ್ಯ ಗುಡ್ಡೆಯಾಗಿರುತ್ತದೆ, ಪಲ್ಯ ಉಪ್ಪಿನಕಾಯಿಯ ಜಾಗದಲ್ಲಿರುತ್ತದೆ, ಬೇಳೆ ಸಾರಿನ ತಳದಲ್ಲಿ ಅಡಗಿರುತ್ತದೆ.

ಎಣ್ಣೆಯ ಲೆಕ್ಕವನ್ನು ದಿನಸಿ ಚೀಟಿಯಲ್ಲಿಯೇ ಹಾಕಬಹುದು. ತಲೆಗೆ 27 ಗ್ರಾಂನಂತೆ ನಾಲ್ಕು ಜನರ ಮನೆಗೆ ತಿಂಗಳಿಗೆ ಮೂರೂವರೆ ಲೀಟರ್ ಸಾಕು. ಐದು ಲೀಟರಿನ ಕ್ಯಾನು ತಿಂಗಳೊಳಗೆ ಖಾಲಿಯಾಗುತ್ತಿದ್ದರೆ ಪ್ರತಿಯೊಬ್ಬರಿಗೂ ದಿನಕ್ಕೆ ನೂರು ಕ್ಯಾಲೊರಿಯಷ್ಟು ಹೆಚ್ಚು ಹೋಗುತ್ತಿದೆ ಎಂದು ಅರ್ಥ. ದಿನಕ್ಕೆ ನಾಲ್ಕು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದರೆ ಇನ್ನೊಂದು 160. ಇವೆರಡನ್ನು ಸರಿಪಡಿಸಿ ಅನ್ನದಲ್ಲಿ ಒಂದು ಸೌಟು ತಗ್ಗಿಸಿದರೆ 300ರಿಂದ 500 ಕ್ಯಾಲೊರಿಯ ಕೊರತೆ ಹುಟ್ಟುತ್ತದೆ. ಒಂದು ಕಿಲೊ ಕೊಬ್ಬು ಸುಮಾರು 7,700 ಕ್ಯಾಲೊರಿಗೆ ಸಮವಾದ್ದರಿಂದ ಮೊದಮೊದಲು ತಿಂಗಳಿಗೆ ಒಂದರಿಂದ ಎರಡು ಕಿಲೊ ಇಳಿಯುವುದನ್ನು ನಿರೀಕ್ಷಿಸಬಹುದು. ಬಳಿಕ ವೇಗ ತಗ್ಗುತ್ತದೆ.

ಇಲ್ಲಿ ರಾಗಿಯ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಅನ್ನ ಬಿಟ್ಟು ಮುದ್ದೆ ಹಿಡಿದರೆ ತೂಕ ತಾನೇ ಇಳಿಯುತ್ತದೆ ಎಂಬ ನಂಬಿಕೆ ಬಲವಾಗಿದೆ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 355 ಕ್ಯಾಲೊರಿಯಿದ್ದರೆ ರಾಗಿಯಲ್ಲಿ ಸುಮಾರು 320 ಇದೆ, ವ್ಯತ್ಯಾಸ ಅಷ್ಟೇ. ರಾಗಿಯ ಹೆಚ್ಚುಗಾರಿಕೆ ನಾರಿನಲ್ಲಿದೆ, ಅಕ್ಕಿಯಲ್ಲಿ ಮೂರು ಗ್ರಾಂ ಕೂಡ ಇಲ್ಲದಿದ್ದರೆ ರಾಗಿಯಲ್ಲಿ ಹನ್ನೊಂದು ಗ್ರಾಂ. ಹೊಟ್ಟೆ ತುಂಬಿದ ಭಾವ ಹೆಚ್ಚು ಹೊತ್ತು ಉಳಿಯುವುದು ಅದರಿಂದ. ಹೊಲದಲ್ಲಿ ದುಡಿಯುವವರ ಅಳತೆಯ ಎರಡು ಮುದ್ದೆಗಳನ್ನು ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರು ನುಂಗಿದರೆ ಲೆಕ್ಕ ಅಲ್ಲಿಗಲ್ಲಿಗೇ ಆಗುತ್ತದೆ. ಒಂದು ಸಣ್ಣ ಮುದ್ದೆ, ತಟ್ಟೆ ತುಂಬ ಬಸ್ಸಾರಿನ ಸೊಪ್ಪು–ಕಾಳು ಎಂದಾದರೆ ಅದು ಬೇರೆಯೇ ಊಟ.

ಈ ದಾರಿಗೆ ಹೆಚ್ಚುವರಿ ಹಣ ಬೇಕಿಲ್ಲ, ಬೇರೆ ಒಲೆ ಬೇಕಿಲ್ಲ, ಬಿಡುವ ದಿನವೂ ಇಲ್ಲ. ಮನೆಯವರಿಗೆಲ್ಲ ಒಂದೇ ಅಡುಗೆ. ದೌರ್ಬಲ್ಯವೆಂದರೆ ನಿಧಾನ. ಮದುವೆ ತಿಂಗಳಲ್ಲಿ, ಹಬ್ಬದ ಸಾಲಿನಲ್ಲಿ ತೂಕದ ಮುಳ್ಳು ಮತ್ತೆ ಮೇಲೇರಿದಾಗ ಕೈಬಿಡುವವರೇ ಹೆಚ್ಚು. ಅಡುಗೆ ಮಾಡುವವರು ಒಪ್ಪದಿದ್ದರೆ ಇದು ಮೊದಲ ವಾರವೇ ನಿಲ್ಲುತ್ತದೆ.

ಅನ್ನ–ಚಪಾತಿ ಕಡಿತ ಮತ್ತು ಕೀಟೊ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದ ಇಂಡಿಯಾಬ್ ಅಧ್ಯಯನದ 2025ರ ವರದಿಯಂತೆ ನಮ್ಮ ಕ್ಯಾಲೊರಿಗಳಲ್ಲಿ ಶೇ. 62ರಷ್ಟು ಕಾರ್ಬೋಹೈಡ್ರೇಟ್‌ನಿಂದಲೇ (ಅನ್ನ, ಚಪಾತಿ, ಸಕ್ಕರೆಗಳಲ್ಲಿರುವ ಪಿಷ್ಟ–ಸಿಹಿ; ಚಿಕ್ಕದಾಗಿ ಕಾರ್ಬ್) ಬರುತ್ತವೆ. ಆದ್ದರಿಂದ ಅದನ್ನು ತಗ್ಗಿಸಿ ಬೇಳೆ, ಮೊಟ್ಟೆ, ಮೊಸರು, ಮೀನು ಹೆಚ್ಚಿಸುವುದು ನಮ್ಮಲ್ಲಿ ಬಹುತೇಕ ಎಲ್ಲರಿಗೂ ಹೊಂದುತ್ತದೆ. ಆದರೆ ಕೊಬ್ಬನ್ನು ಬಿಡುವುದಕ್ಕಿಂತ ಕಾರ್ಬ್ ಬಿಡುವುದೇ ಮೇಲೆಂಬ ವಾದಕ್ಕೆ ಆಧಾರ ತೆಳುವಾಗಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 609 ಮಂದಿಯನ್ನು ಎರಡು ಗುಂಪು ಮಾಡಿ ಒಂದು ವರ್ಷ ನಡೆಸಿ 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೊಬ್ಬು ತಗ್ಗಿಸಿದವರು ಸರಾಸರಿ 5.3 ಕಿಲೊ, ಕಾರ್ಬ್ ತಗ್ಗಿಸಿದವರು 6 ಕಿಲೊ ಇಳಿದರು. ಆ ಅಂತರವನ್ನು ಸಂಶೋಧಕರು ವ್ಯತ್ಯಾಸವೆಂದೇ ಗಣಿಸಲಿಲ್ಲ. ಒಂದೇ ಗುಂಪಿನೊಳಗೆ ಮಾತ್ರ ಕೆಲವರು ಬಹಳ ಇಳಿದಿದ್ದರು, ಕೆಲವರು ಏರಿಯೂ ಇದ್ದರು. ಕ್ರಮಕ್ಕಿಂತ ಅದನ್ನು ಪಾಲಿಸುವವರು ಮುಖ್ಯ ಎಂದೇ ನಾನು ಇದನ್ನು ಓದುತ್ತೇನೆ.

ಕಟ್ಟುನಿಟ್ಟಾದ ಕೀಟೊ ಬೇರೆ ಮಾತು. ಮೊದಲ ವಾರ ಇಳಿಯುವ ಎರಡು ಮೂರು ಕಿಲೊಗಳಲ್ಲಿ ಬಹುಪಾಲು ನೀರು. ಸಸ್ಯಾಹಾರಿಗಳಿಗೆ ಪನೀರ್, ಬಾದಾಮಿ, ತುಪ್ಪಗಳ ಸುತ್ತಲೇ ತಿರುಗಬೇಕಾಗಿ ದಿನಸಿಯ ಖರ್ಚು ಏರುತ್ತದೆ, ಮನೆಯಲ್ಲಿ ಎರಡನೆಯ ಅಡುಗೆ ಶುರುವಾಗುತ್ತದೆ, ಕೆಲವರಲ್ಲಿ ಕೆಟ್ಟ ಕೊಲೆಸ್ಟರಾಲ್ ಹೆಚ್ಚುತ್ತದೆ. ಮಧುಮೇಹಕ್ಕೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಕೀಟೊ ಮಾಡಿದರೆ ರಕ್ತ ಆಮ್ಲೀಯವಾಗುವ ಪ್ರಾಣಾಪಾಯವಿದೆ. ಸ್ವಂತ ಅಡುಗೆ ಮಾಡಿಕೊಳ್ಳುವ, ಮೊಟ್ಟೆ–ಮಾಂಸ ತಿನ್ನುವ, ಒಂಟಿಯಾಗಿರುವವರಿಗೆ ಇದು ಕೆಲಕಾಲ ಸಾಧ್ಯ. ಕೂಡುಕುಟುಂಬಕ್ಕೆ ನಾನು ಸೂಚಿಸಲಾರೆ.

ಹೊತ್ತು ನೋಡಿ ಉಣ್ಣುವುದು

ಒಪ್ಪತ್ತು, ಏಕಾದಶಿ, ಸಂಕಷ್ಟಿ, ಸೂರ್ಯಾಸ್ತದೊಳಗೆ ಊಟ ಮುಗಿಸುವ ಜೈನರ ನಿಯಮ ಇವೆಲ್ಲ ನಮಗೆ ಗೊತ್ತಿರುವವೇ; ಈಗ ಅವೇ ಇಂಟರ್‌ಮಿಟೆಂಟ್ ಫಾಸ್ಟಿಂಗ್ ಎಂಬ ಹೆಸರಿನಲ್ಲಿ ಮರಳಿವೆ. ಹಿಂದಿನವರು ಇದನ್ನು ತೂಕಕ್ಕಾಗಿ ಮಾಡುತ್ತಿರಲಿಲ್ಲ, ಮತ್ತು ಸಬ್ಬಕ್ಕಿ ಖಿಚಡಿ, ಅವಲಕ್ಕಿ, ಬಾಳೆಹಣ್ಣಿನ ಫಲಾಹಾರದಲ್ಲಿ ಎಷ್ಟೋ ಸಲ ಊಟಕ್ಕಿಂತ ಹೆಚ್ಚೇ ಒಳಗೆ ಹೋಗುತ್ತದೆ. ಚೀನಾದ ಗುವಾಂಗ್‌ಝೌದಲ್ಲಿ 139 ಮಂದಿಯ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎರಡೂ ಗುಂಪಿನವರು ಕ್ಯಾಲೊರಿ ತಗ್ಗಿಸಿದರು, ಒಂದು ಗುಂಪಿನವರು ಮಾತ್ರ ಬೆಳಿಗ್ಗೆ 8ರಿಂದ ಸಂಜೆ 4ರೊಳಗೆ ಊಟ ಮುಗಿಸಿದರು. ವರ್ಷಾಂತ್ಯಕ್ಕೆ ಅವರು 8 ಕಿಲೊ, ಹೊತ್ತಿನ ಕಟ್ಟು ಇಲ್ಲದವರು 6.3 ಕಿಲೊ ಇಳಿದಿದ್ದರು. ಸಂಖ್ಯಾಶಾಸ್ತ್ರದ ಕಣ್ಣಿಗೆ ಎರಡೂ ಒಂದೇ. ಗಡಿಯಾರಕ್ಕೆ ತನ್ನದೇ ಮಾಂತ್ರಿಕ ಶಕ್ತಿಯಿಲ್ಲ.

ಆದರೂ ಇದನ್ನು ತಳ್ಳಿಹಾಕುವಂತಿಲ್ಲ. ಪ್ರಮಾಣ ಅಳೆಯುವ ತಾಳ್ಮೆಯಿಲ್ಲದವರಿಗೆ ಒಂದೇ ನಿಯಮ ಪಾಲಿಸುವುದು ಸುಲಭ. ಪಿಜಿಯಲ್ಲಿ, ಹಾಸ್ಟೆಲಿನಲ್ಲಿ ಇರುವವರಿಗೆ ತಟ್ಟೆಯ ಮೇಲೆ ಇಲ್ಲದ ಹಿಡಿತ ಹೊತ್ತಿನ ಮೇಲೆ ಇರುತ್ತದೆ. ರಾತ್ರಿಯ ಚಿಪ್ಸು, ಬಿಸ್ಕತ್ತುಗಳು ತಾವಾಗಿಯೇ ನಿಲ್ಲುತ್ತವೆ. ಮನೆಯವರೆಲ್ಲ ರಾತ್ರಿ ಒಂಬತ್ತೂವರೆಗೆ ಒಟ್ಟಿಗೆ ಕೂತು ಉಣ್ಣುವ ಕಡೆ ಒಬ್ಬರು ಖಾಲಿ ಕೂರುವುದು ಬಹಳ ದಿನ ನಡೆಯದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ಮೇಲಿರುವವರು ವೈದ್ಯರನ್ನು ಕೇಳದೆ ಊಟ ಬಿಟ್ಟರೆ ಸಕ್ಕರೆ ಪಾತಾಳಕ್ಕಿಳಿಯಬಹುದು. ಗರ್ಭಿಣಿಯರು, ಬಾಣಂತಿಯರು, ಬೆಳೆಯುವ ಮಕ್ಕಳು ಇದರ ತಂಟೆಗೆ ಹೋಗಬಾರದು.

ಪುಡಿ ಡಬ್ಬಿಗಳು

ಊಟದ ಬದಲು ಶೇಕ್ ಕುಡಿಯುವ ಕ್ರಮಕ್ಕೆ ಆಧಾರವೇ ಇಲ್ಲವೆಂದಲ್ಲ. ಬ್ರಿಟನ್ನಿನಲ್ಲಿ ಮಧುಮೇಹಿಗಳಿಗೆ ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿಯ ಶೇಕ್‌ಗಳನ್ನಷ್ಟೇ ಕೊಟ್ಟ, ಡೈರೆಕ್ಟ್ ಎಂಬ ಹೆಸರಿನ ಪ್ರಯೋಗದಲ್ಲಿ ಒಂದು ವರ್ಷದ ಬಳಿಕ ಶೇ. 46ರಷ್ಟು ಮಂದಿಯ ಮಧುಮೇಹ ಮಾತ್ರೆಯಿಲ್ಲದೆ ಹಿಮ್ಮೆಟ್ಟಿತ್ತು. ಆದರೆ ಅಲ್ಲಿ ವೈದ್ಯಕೀಯ ಮೇಲ್ವಿಚಾರಣೆಯಿತ್ತು, ಊಟಕ್ಕೆ ಹಂತಹಂತವಾಗಿ ಮರಳಿಸುವ ಯೋಜನೆಯಿತ್ತು. ಪರಿಚಯದವರು ಮಾರುವ ಡಬ್ಬಿಯಲ್ಲಿ ಇವೆರಡೂ ಇರುವುದಿಲ್ಲ. ಡಬ್ಬಿ ಮುಗಿದ ಮೇಲೆ ಏನು ಎಂಬ ಪ್ರಶ್ನೆಗೆ ಇನ್ನೊಂದು ಡಬ್ಬಿಯೇ ಉತ್ತರವಾಗಿರುತ್ತದೆ.

ನಡಿಗೆ ಮತ್ತು ಜಿಮ್

ವ್ಯಾಯಾಮದಿಂದ ಮಾತ್ರವೇ ತೂಕ ಇಳಿಸುವುದು ನಷ್ಟದ ವ್ಯಾಪಾರ. 70 ಕಿಲೊ ತೂಗುವವರು ಒಂದು ಗಂಟೆ ಚುರುಕಾಗಿ ನಡೆದರೆ ಖರ್ಚಾಗುವುದು ಸುಮಾರು 250 ಕ್ಯಾಲೊರಿ. ಪಾರ್ಕಿನಿಂದ ಬರುವಾಗ ದರ್ಶಿನಿಯಲ್ಲಿ ನಿಂತರೆ ಅದಷ್ಟೂ ಮರಳಿ ಬರುತ್ತದೆ. ಆದರೆ ಇಳಿದ ತೂಕವನ್ನು ಹಿಡಿದು ನಿಲ್ಲಿಸುವುದರಲ್ಲಿ, ಸ್ನಾಯುವನ್ನು ಕಾಯುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ತೂಕ ಇಳಿಸಿ ವರ್ಷಗಟ್ಟಲೆ ಉಳಿಸಿಕೊಂಡವರ ದಾಖಲೆಯನ್ನು ಅಮೆರಿಕದಲ್ಲಿ 1994ರಿಂದ ಇಡಲಾಗುತ್ತಿದ್ದು, ಅದರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ದಿನಕ್ಕೆ ಸರಾಸರಿ ಒಂದು ಗಂಟೆ ವ್ಯಾಯಾಮ ಮಾಡುವವರು. ಇನ್ನು 2006ರಲ್ಲಿ ಪ್ರಕಟವಾದ, ಚೆನ್ನೈನ ಸಂಶೋಧಕರು ಮಧುಮೇಹದ ಅಂಚಿನಲ್ಲಿದ್ದ 531 ಮಂದಿಯ ಮೇಲೆ ನಡೆಸಿದ ಪ್ರಯೋಗದಲ್ಲಿ ಊಟ–ನಡಿಗೆ ತಿದ್ದಿಕೊಂಡವರ ತೂಕ ಅಷ್ಟಾಗಿ ಇಳಿಯದಿದ್ದರೂ ಮಧುಮೇಹದ ಸಾಧ್ಯತೆ ಶೇ. 28.5ರಷ್ಟು ತಗ್ಗಿತು. ವಾರಕ್ಕೆ 150ರಿಂದ 300 ನಿಮಿಷದ ನಡಿಗೆಯ ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ಕಸರತ್ತು ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮಲ್ಲಿ ನಡೆಯುವವರು ಬಹಳ, ಭಾರ ಎತ್ತುವವರು, ಅದರಲ್ಲಿಯೂ ನಲವತ್ತು ದಾಟಿದ ಹೆಂಗಸರು, ತೀರಾ ಕಡಿಮೆ. ಬಸ್ಕಿ ಹೊಡೆಯಲು ಜಿಮ್ಮಿನ ಶುಲ್ಕ ಬೇಕಾಗಿಲ್ಲ.

ಇಂಜೆಕ್ಷನ್

ಈಗ ಹೆಚ್ಚು ಜನ ಕೇಳುತ್ತಿರುವುದು ಇದನ್ನೇ. ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಎಂಬ ಈ ಔಷಧಗಳು ಕರುಳಿನ ಹಾರ್ಮೋನುಗಳನ್ನು ಅನುಕರಿಸಿ ಹಸಿವನ್ನು ಅಡಗಿಸುತ್ತವೆ, ಹೊಟ್ಟೆ ಖಾಲಿಯಾಗುವುದನ್ನು ನಿಧಾನಿಸುತ್ತವೆ. 2021ರಲ್ಲಿ ಪ್ರಕಟವಾದ 1,961 ಮಂದಿಯ ಪ್ರಯೋಗದಲ್ಲಿ 68 ವಾರ ಸೆಮಾಗ್ಲುಟೈಡ್ ಪಡೆದವರ ತೂಕ ಸರಾಸರಿ ಶೇ. 14.9ರಷ್ಟು ಇಳಿಯಿತು, ಹುಸಿ ಔಷಧ ಪಡೆದವರದು ಶೇ. 2.4. ಟಿರ್ಜೆಪಟೈಡ್‌ನ ಗರಿಷ್ಠ ಪ್ರಮಾಣದಲ್ಲಿ 72 ವಾರಕ್ಕೆ ಶೇ. 20ರ ಆಸುಪಾಸು ಇಳಿಯಿತು. ಆಹಾರ ಕ್ರಮವೊಂದರಿಂದಲೇ ಇಷ್ಟನ್ನು ಸಾಧಿಸುವವರು ವಿರಳ. ಇದನ್ನು ಸೋಮಾರಿಗಳ ದಾರಿಯೆಂದು ಹೀಗಳೆಯುವವರ ಮಾತನ್ನು ನಾನು ಒಪ್ಪುವುದಿಲ್ಲ. ರಕ್ತದೊತ್ತಡಕ್ಕೆ ಮಾತ್ರೆ ನುಂಗುವವರನ್ನು ಯಾರೂ ಹಾಗೆನ್ನುವುದಿಲ್ಲ.

ಆ ಹೋಲಿಕೆಯಲ್ಲೇ ಇದರ ತೊಡಕೂ ಇದೆ. ಒತ್ತಡದ ಮಾತ್ರೆ ನಿಲ್ಲಿಸಿದರೆ ಒತ್ತಡ ಮರಳುವಂತೆ ಇಂಜೆಕ್ಷನ್ ನಿಲ್ಲಿಸಿದರೆ ತೂಕ ಮರಳುತ್ತದೆ: ಮೇಲಿನ ಸೆಮಾಗ್ಲುಟೈಡ್ ಪ್ರಯೋಗದ ಕೆಲವರನ್ನು ಔಷಧ ನಿಲ್ಲಿಸಿದ ಬಳಿಕ ಒಂದು ವರ್ಷ ಗಮನಿಸಿದಾಗ ಇಳಿದುದರ ಮೂರನೇ ಎರಡು ಭಾಗ ಮರಳಿ ಬಂದಿತ್ತು. ಹಾಗಾಗಿ ಮಗಳ ಮದುವೆಯವರೆಗೆ ಎಂದು ಆರಂಭಿಸುವುದು ಹಣ ಪೋಲು ಮಾಡಿದಂತೆ. ಟಿರ್ಜೆಪಟೈಡ್ 2025ರ ಮಾರ್ಚ್‌ನಲ್ಲಿ ಮೌಂಜಾರೊ ಹೆಸರಿನಲ್ಲಿ ಭಾರತಕ್ಕೆ ಬಂದಾಗ 2.5 ಮಿ.ಗ್ರಾಂ. ವಯಲ್‌ಗೆ 3,500 ರೂ., 5 ಮಿ.ಗ್ರಾಂ.ಗೆ 4,375 ರೂ. ಇತ್ತು, ವಾರಕ್ಕೊಂದರಂತೆ ತಿಂಗಳಿಗೆ ಹದಿನಾಲ್ಕರಿಂದ ಹದಿನೇಳೂವರೆ ಸಾವಿರ. ಸೆಮಾಗ್ಲುಟೈಡ್‌ನ ಭಾರತೀಯ ಪೇಟೆಂಟ್ ಅವಧಿ 2026ರ ಮಾರ್ಚ್‌ವರೆಗಿನದಾದ್ದರಿಂದ ಅಗ್ಗದ ದೇಶೀಯ ತಯಾರಿಕೆಗಳಿಗೆ ದಾರಿಯಿದೆ. ಇಂದಿನ ದರವನ್ನು ಔಷಧದಂಗಡಿಯಲ್ಲಿ ಕೇಳಿ, ಅದನ್ನು ಮೂವತ್ತಾರು ತಿಂಗಳಿಗೆ ಗುಣಿಸಿ ನೋಡಿ.

ವಾಕರಿಕೆ, ವಾಂತಿ, ಭೇದಿ ಅಥವಾ ಮಲಬದ್ಧತೆ ಸಾಮಾನ್ಯ. ಪಿತ್ತಕೋಶದ ಕಲ್ಲು, ಮೇದೋಜೀರಕದ ಉರಿಯೂತ ಅಪರೂಪವಾದರೂ ಉಂಟು. ಮೆಡ್ಯುಲರಿ ಥೈರಾಯ್ಡ್ ಕ್ಯಾನ್ಸರ್ ಕುಟುಂಬದಲ್ಲಿದ್ದವರಿಗೂ ಗರ್ಭಿಣಿಯರಿಗೂ ಇದು ಸಲ್ಲದು. ಹಸಿವೇ ಇಲ್ಲದೆ ಎರಡು ಇಡ್ಲಿಯಲ್ಲಿ ದಿನ ಕಳೆಯುವವರಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಮೊದಲೇ ಪ್ರೋಟೀನ್ ಕಡಿಮೆಯಿರುವ ನಮ್ಮ ಊಟದಲ್ಲಿ ಇದು ಸಣ್ಣ ಸಂಗತಿಯಲ್ಲ.

ಶಸ್ತ್ರಚಿಕಿತ್ಸೆ

ಬಾಳಿಕೆಯೊಂದನ್ನೇ ನೋಡುವುದಾದರೆ ಅತ್ಯಂತ ದೀರ್ಘಕಾಲದ ಆಧಾರವಿರುವುದು ಇದಕ್ಕೆ. ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾದ ಅಧ್ಯಯನದಲ್ಲಿ ಜಠರವನ್ನು ಚಿಕ್ಕದಾಗಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ತೂಕ ಇಪ್ಪತ್ತು ವರ್ಷಗಳ ನಂತರವೂ ಸರಾಸರಿ ಶೇ. 18ರಷ್ಟು ಕಡಿಮೆಯಿತ್ತು, ಮಾಡಿಸಿಕೊಳ್ಳದವರದು ಶೇ. 1ರಷ್ಟು ಮಾತ್ರ. ಬೆಲೆಯನ್ನು ಶರೀರ ತೆರುತ್ತದೆ: ಹಿಂದಿರುಗಿಸಲಾಗದ ಬದಲಾವಣೆ, ಜೀವಮಾನವಿಡೀ ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವಗಳ ಮಾತ್ರೆ, ವರ್ಷಕ್ಕೊಮ್ಮೆ ರಕ್ತಪರೀಕ್ಷೆ. ಬಿಎಂಐ 35 ದಾಟಿದವರು, ಅಥವಾ 30ರ ಮೇಲಿದ್ದು ಹತೋಟಿಗೆ ಬಾರದ ಮಧುಮೇಹವಿರುವವರು ಇದನ್ನು ಕೊನೆಯ ಅಸ್ತ್ರವೆಂದು ಹತ್ತು ವರ್ಷ ಮುಂದೂಡದೆ ತಜ್ಞರೊಡನೆ ಈಗಲೇ ಮಾತನಾಡುವುದು ಲೇಸು. 2022ರ ಅಂತರರಾಷ್ಟ್ರೀಯ ಮಾರ್ಗಸೂಚಿಯು ಏಷ್ಯಾದವರಿಗೆ ಇನ್ನೂ ಕೆಳಗಿನ ಗಡಿಯನ್ನು ಪರಿಗಣಿಸಬಹುದೆನ್ನುತ್ತದೆ.

ನಿಮಗೆ ಯಾವುದು?

ಇಳಿಸಬೇಕಾದದ್ದು ಹತ್ತು ಕಿಲೊ ಒಳಗಿದ್ದು ಮನೆಯಲ್ಲಿ ಅಡುಗೆ ನಡೆಯುವಂತಿದ್ದರೆ ಮನೆಯೂಟವನ್ನು ತಿದ್ದಿಕೊಂಡು ನಡಿಗೆ–ಬಸ್ಕಿ ಸೇರಿಸುವುದಕ್ಕಿಂತ ಮುಂದಕ್ಕೆ ಹೋಗುವ ಕಾರಣ ನನಗೆ ಕಾಣುವುದಿಲ್ಲ; ಅಡುಗೆ ಮಾಡುವವರೇ ತೂಕ ಇಳಿಸಬೇಕಾದವರೂ ಆಗಿದ್ದರೆ, ಮಕ್ಕಳ ತಟ್ಟೆಯಲ್ಲಿ ಉಳಿದದ್ದನ್ನು ವ್ಯರ್ಥವಾಗಬಾರದೆಂದು ತಿನ್ನುವುದನ್ನು ಮೊದಲು ನಿಲ್ಲಿಸಲಿ. ಪಿಜಿಯವರು, ಊರೂರು ಸುತ್ತುವ ಮಾರಾಟ ಪ್ರತಿನಿಧಿಗಳು ಹೊತ್ತಿನ ನಿಯಮದಿಂದ ಆರಂಭಿಸಿ ದಿನಕ್ಕೆರಡು ಮೊಟ್ಟೆಯನ್ನೋ ಹುರಿಗಡಲೆಯನ್ನೋ ಸೇರಿಸಿಕೊಳ್ಳಬಹುದು. ರಾತ್ರಿ ಪಾಳಿಯವರಿಗೆ ಹೊತ್ತಿನ ನಿಯಮಕ್ಕಿಂತ ಕಟ್ಟಿಕೊಂಡು ಹೋದ ಬುತ್ತಿಯೇ ನೆರವಾಗುತ್ತದೆ. ಐವತ್ತರ ಆಸುಪಾಸಿನ ಮಧುಮೇಹಿಗಳು ಕಾರ್ಬ್ ತಗ್ಗಿಸುವ ಮಧ್ಯಮ ಮಾರ್ಗವನ್ನು ವೈದ್ಯರಿಗೆ ಹೇಳಿಯೇ ಹಿಡಿಯಬೇಕು, ಏಕೆಂದರೆ ಮಾತ್ರೆಯ ಪ್ರಮಾಣವೂ ಜೊತೆಗೇ ತಗ್ಗಬೇಕಾಗುತ್ತದೆ. ಎರಡು ಮೂರು ಸಲ ಇಳಿಸಿ ಮರಳಿ ಏರಿದವರು, ಮಂಡಿನೋವಿನಿಂದ ನಡೆಯಲಾಗದವರು, ಹಲವು ವರ್ಷ ಔಷಧದ ಖರ್ಚು ಭರಿಸಬಲ್ಲವರು ಇಂಜೆಕ್ಷನ್ ಬಗ್ಗೆ ಕೇಳಬಹುದು. ಆದರೆ ಆಗಲೂ ತಟ್ಟೆ ತಿದ್ದುವ ಕೆಲಸ ತಪ್ಪುವುದಿಲ್ಲ, ಹಸಿವಿಲ್ಲದ ಆ ತಿಂಗಳುಗಳು ಅದಕ್ಕೆ ಸಿಕ್ಕ ಬಿಡುವು ಮಾತ್ರ.

ಯಾವುದನ್ನೇ ಹಿಡಿದರೂ ಹನ್ನೆರಡು ವಾರ ಬದಲಿಸದೆ ನಡೆಸಿ, ವಾರಕ್ಕೊಮ್ಮೆ ಒಂದೇ ದಿನ, ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ತೂಗಿ, ತಿಂಗಳಿಗೊಮ್ಮೆ ಸೊಂಟ ಅಳೆದು ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಡಿ. ಅಷ್ಟರಲ್ಲಿ ತೂಕವೂ ಸೊಂಟವೂ ಕದಲದಿದ್ದರೆ, ಅಥವಾ ಕದಲಿದ್ದರೂ ಇನ್ನೊಂದು ವರ್ಷ ಹೀಗೆಯೇ ಇರಲಾರೆ ಎಂದು ನಿಮಗೋ ಮನೆಯವರಿಗೋ ಅನ್ನಿಸುತ್ತಿದ್ದರೆ, ಆಗ ದಾರಿ ಬದಲಿಸಿ.